ವೈಟ್‌ಫೀಲ್ಡ್: ನಾಡಾಗಲು ಹೊರಟ ಒಂದು ವಸಾಹತು

ಬೆಂಗಳೂರಿನ ನೇರಳೆ ಮೆಟ್ರೊ ಮಾರ್ಗ ಪೂರ್ವದಲ್ಲಿ ಮುಗಿಯುವುದು ವೈಟ್‌ಫೀಲ್ಡ್ ಕಾಡುಗೋಡಿ ನಿಲ್ದಾಣದಲ್ಲಿ. ಬೆಳಗಿನ ಹೊತ್ತು ಆ ಮಾರ್ಗದಲ್ಲಿ ಐಟಿ ಕಂಪನಿಗಳ ಕಡೆಗೆ ಧಾವಿಸುವ ಜನರ ಬಾಯಲ್ಲಿ ದೇಶದ ಹತ್ತಾರು ಭಾಷೆಗಳು ಕೇಳಿಬರುತ್ತವೆ. ಅವರಲ್ಲಿ ಬಹುಮಂದಿಗೆ ವೈಟ್‌ಫೀಲ್ಡ್ ಎಂದರೆ ಗಾಜಿನ ಕಟ್ಟಡ, ವಾಹನ ದಟ್ಟಣೆ, ದುಬಾರಿ ಬಾಡಿಗೆ. ಆದರೆ ಈ ಊರು ಹುಟ್ಟಿದ್ದು ಕಂಪನಿಗಳಿಗಾಗಿ ಅಲ್ಲ. ತಮ್ಮದೆನ್ನುವ ನೆಲವಿಲ್ಲದ ಒಂದು ಸಮುದಾಯ ಇಲ್ಲಿ ಬೇರೂರಬೇಕು, ಉತ್ತು ಬಿತ್ತಿ ಯಾರ ಹಂಗೂ ಇಲ್ಲದೆ ಬದುಕಬೇಕು ಎಂದು ಹೊರಟಿತು. ಅದರಿಂದ ಹುಟ್ಟಿದ ಊರಿದು.

ಬ್ರಿಟಿಷರ ಕಾಲದಲ್ಲಿ ಲೋಕದ ಮೂಲೆಮೂಲೆಯಲ್ಲಿ ವಸಾಹತುಗಳು ಎದ್ದವು. 1788ರಲ್ಲಿ ಸಿಡ್ನಿ, 1819ರಲ್ಲಿ ಸಿಂಗಪುರ, 1882ರಲ್ಲಿ ವೈಟ್‌ಫೀಲ್ಡ್. ಸಿಡ್ನಿಯ ಬಂದೀಖಾನೆಯಿಂದ ಆಸ್ಟ್ರೇಲಿಯ ಎಂಬ ದೇಶ ಬೆಳೆಯಿತು. ಸಿಂಗಪುರದ ಬಂದರು ತಾನೇ ಒಂದು ದೇಶವಾಯಿತು. ವೈಟ್‌ಫೀಲ್ಡ್ ಮಾತ್ರ ಬಹುಕಾಲ ಒಂದು ಪುಟ್ಟ ಹಳ್ಳಿಯಾಗಿಯೇ ಉಳಿಯಿತು. ಹೀಗೇಕಾಯಿತು ಎಂದು ಕೇಳಿಕೊಂಡರೆ, ಒಂದು ವಸಾಹತು ನಾಡಾಗಲು ಏನೇನು ಬೇಕು ಎಂಬುದೂ ತಿಳಿಯುತ್ತದೆ. ಇಂದಿನ ಬೆಂಗಳೂರಿನ ಹೊರವಲಯಕ್ಕೆ ಏನು ಸಿಕ್ಕಿದೆ, ಏನು ಸಿಕ್ಕಿಲ್ಲ ಎಂಬುದೂ ತಿಳಿಯುತ್ತದೆ.

ಮೊದಲು ಇಲ್ಲಿ ಬೇರೂರಲು ಹೊರಟ ಆ ಜನ, ಅಂದರೆ ಯುರೇಷಿಯನ್ನರು ಅಥವಾ ಆಂಗ್ಲೊ ಇಂಡಿಯನ್ನರು, ಯಾರೆಂದು ನೋಡಬೇಕು. ಈಸ್ಟ್ ಇಂಡಿಯಾ ಕಂಪನಿಯ ಆರಂಭದ ದಿನಗಳಲ್ಲಿ ಅದರ ಸಿಪಾಯಿಗಳೂ ಗುಮಾಸ್ತರೂ ಇಲ್ಲಿನ ಹೆಣ್ಣುಮಕ್ಕಳನ್ನು ಮದುವೆಯಾಗುವುದನ್ನು ಕಂಪನಿಯೇ ಪ್ರೋತ್ಸಾಹಿಸುತ್ತಿತ್ತು. 1687ರಲ್ಲಿ ಲಂಡನ್ನಿನ ನಿರ್ದೇಶಕರು ಮದ್ರಾಸಿಗೆ ಬರೆದ ಪತ್ರದಲ್ಲಿ, ಇಂಥ ಮದುವೆಯಿಂದ ಹುಟ್ಟಿದ ಮಗುವಿನ ನಾಮಕರಣದ ದಿನ ತಾಯಿಗೆ ಒಂದು ವರಹ ಕೊಡಲು ಸೂಚಿಸಿದ್ದರು. ಕೋಟೆ ಕಾಯಲು ಜನ ಬೇಕಿತ್ತು. ಇಂಗ್ಲೆಂಡಿನಿಂದ ಹಡಗಿನಲ್ಲಿ ಜನರನ್ನು ತರಿಸುವುದಕ್ಕಿಂತ ಇದು ಅಗ್ಗವಾಗಿತ್ತು.

ನೂರು ವರ್ಷ ಕಳೆಯುವಷ್ಟರಲ್ಲಿ ಗಾಳಿ ತಿರುಗಿತು. 1786ರ ಆದೇಶ, ಕಲ್ಕತ್ತೆಯ ಅನಾಥಶಾಲೆಯಲ್ಲಿದ್ದ ಇಂಥ ಮಕ್ಕಳು ಓದಲು ಇಂಗ್ಲೆಂಡಿಗೆ ಹೋಗುವ ದಾರಿಯನ್ನು ಮುಚ್ಚಿತು. 1791ರಲ್ಲಿ, ತಂದೆ ತಾಯಿಯರಲ್ಲಿ ಒಬ್ಬರು ಭಾರತೀಯರಾಗಿದ್ದವರಿಗೆ ಕಂಪನಿಯ ಸಿವಿಲ್, ಸೈನ್ಯ ಮತ್ತು ಹಡಗಿನ ಅಧಿಕಾರಿ ಹುದ್ದೆಗಳು ಇಲ್ಲವೆಂದಾಯಿತು. 1795ರಲ್ಲಿ ಸೈನ್ಯದಲ್ಲಿ ಅವರಿಗೆ ಉಳಿದದ್ದು ಕೊಳಲು ಊದುವ, ತಮಟೆ ಬಡಿಯುವ, ಕುದುರೆಗೆ ಲಾಳ ಹೊಡೆಯುವ ಕೆಲಸ. ತಂದೆಯ ಕಡೆಯವರು ಒಳಗೆ ಸೇರಿಸಲಿಲ್ಲ, ತಾಯಿಯ ಕಡೆಯ ಜಾತಿ ವ್ಯವಸ್ಥೆಯಲ್ಲೂ ಜಾಗವಿರಲಿಲ್ಲ. 1830ರಲ್ಲಿ ಜಾನ್ ರಿಕೆಟ್ಸ್ ಎಂಬವರು ಕಲ್ಕತ್ತೆಯ ಸಮುದಾಯದ ಅಹವಾಲನ್ನು ಹೊತ್ತು ಬ್ರಿಟಿಷ್ ಸಂಸತ್ತಿನವರೆಗೆ ಹೋದರು. ಮುಂದೆ ರೈಲು, ತಂತಿ, ಸುಂಕದ ಇಲಾಖೆಗಳು ಬಂದಾಗ ಈ ಜನಕ್ಕೆ ಕೈತುಂಬ ಕೆಲಸ ಸಿಕ್ಕಿತು. ಆದರೆ ಅದು ಸರ್ಕಾರ ಕೊಟ್ಟರೆ ಉಂಟು, ಕಿತ್ತುಕೊಂಡರೆ ಇಲ್ಲ ಎನ್ನುವಂಥ ಬದುಕು. ಕಾಲೇಜು ಮುಗಿಸಿ ಬಂದ ಭಾರತೀಯ ತರುಣರು ಅದೇ ಹುದ್ದೆಗಳಿಗೆ ಪೈಪೋಟಿ ನೀಡತೊಡಗಿದಾಗ ಆತಂಕ ಹೆಚ್ಚಿತು.

ಆ ಆತಂಕಕ್ಕೆ ಒಂದು ಉತ್ತರ ಹುಡುಕಿದವರು ಮದ್ರಾಸಿನ ಡೇವಿಡ್ ಇಮ್ಯಾನುಯೆಲ್ ಸ್ಟಾರ್ಕೆನ್‌ಬರ್ಗ್ ವೈಟ್. 1879ರಲ್ಲಿ ಅವರು ದಕ್ಷಿಣ ಭಾರತದ ಯುರೇಷಿಯನ್ ಮತ್ತು ಆಂಗ್ಲೊ ಇಂಡಿಯನ್ ಸಂಘವನ್ನು ಕಟ್ಟಿದರು. ಮೈಸೂರು ಮತ್ತು ಕೊಡಗಿಗೂ ಅದರ ಶಾಖೆ ಬಂತು. ಗುಮಾಸ್ತಿಕೆಯನ್ನೇ ನಂಬಿ ಕೂತರೆ ಉಳಿಗಾಲವಿಲ್ಲ, ನೆಲ ಬೇಕು, ಕೃಷಿ ಬೇಕು, ಸ್ವಂತ ಊರು ಬೇಕು ಎಂಬುದು ವೈಟ್ ಅವರ ನಿಲುವು. ಅರ್ಜಿ ಬರೆದು ಹುದ್ದೆ ಬೇಡುವ ಸಮುದಾಯವನ್ನು ನೇಗಿಲು ಹಿಡಿಯುವ ಸಮುದಾಯವಾಗಿ ಮಾಡಬೇಕೆಂದು ಅವರು ಹೊರಟರು. ಆ ಕಾಲಕ್ಕೆ ಅದು ದಿಟ್ಟ ಯೋಚನೆ.

ಮೈಸೂರಿನಲ್ಲಿ ಆಗ ಕಾಲ ಕೂಡಿಬಂದಿತ್ತು. ಅರ್ಧ ಶತಮಾನ ನೇರವಾಗಿ ಆಳಿದ ಬ್ರಿಟಿಷರು 1881ರ ಮಾರ್ಚ್ 25ರಂದು ರಾಜ್ಯವನ್ನು ಒಡೆಯರ ಮನೆತನಕ್ಕೆ ಮರಳಿ ಒಪ್ಪಿಸಿದರು. ಪಟ್ಟಕ್ಕೆ ಬಂದ ಹತ್ತನೆಯ ಚಾಮರಾಜೇಂದ್ರ ಒಡೆಯರಿಗೆ ಹದಿನೆಂಟು ವರ್ಷ. ದಿವಾನರು ರಂಗಾಚಾರ್ಲು, ಅದೇ ವರ್ಷದ ಅಕ್ಟೋಬರ್‌ನಲ್ಲಿ ಪ್ರಜಾಪ್ರತಿನಿಧಿ ಸಭೆಯ ಮೊದಲ ಅಧಿವೇಶನವೂ ನಡೆಯಿತು. ರಾಜ್ಯ ಮಾತ್ರ ಗಾಯಗೊಂಡಿತ್ತು. 1876ರಿಂದ 1878ರವರೆಗಿನ ಮಹಾಕ್ಷಾಮದಲ್ಲಿ ಮೈಸೂರು ಸೀಮೆಯ ಐದನೇ ಒಂದು ಭಾಗದಷ್ಟು, ಅಂದರೆ ಸುಮಾರು ಹತ್ತು ಲಕ್ಷ ಜನ ಅಳಿದುಹೋಗಿದ್ದರು. ಉಳುವ ಕೈಗಳು ಕಡಿಮೆಯಾಗಿದ್ದ ಆ ದಿನಗಳಲ್ಲಿ, ಸಾಗುವಳಿಗೆ ಬರುತ್ತೇವೆ ಎಂದ ಸಂಘಕ್ಕೆ 1882ರಲ್ಲಿ ಮಹಾರಾಜರು 3,900 ಎಕರೆ ನೆಲವನ್ನು ನೀಡಿದರು. ಆ ನೆಲದಲ್ಲಿ ಹುಟ್ಟಿದ ವಸಾಹತುಗಳಲ್ಲಿ ಮುಖ್ಯವಾದುದಕ್ಕೆ ವೈಟ್ ಅವರ ಹೆಸರೇ ನಿಂತಿತು. ಹತ್ತಿರದಲ್ಲೇ ಸಾಸ್ಮಂಡ್ ಎಂಬ ಇನ್ನೊಂದು ಪುಟ್ಟ ವಸಾಹತೂ ತಲೆಯೆತ್ತಿತು.

ಇಲ್ಲೊಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಈ ಸೀಮೆ ಹೇಳುವವರು ಕೇಳುವವರಿಲ್ಲದ ಬಯಲಾಗಿರಲಿಲ್ಲ. ಕಾಡುಗೋಡಿ, ಹೂಡಿ, ನಲ್ಲೂರಹಳ್ಳಿ, ಇಮ್ಮಡಿಹಳ್ಳಿ, ಹಗದೂರು, ವರ್ತೂರು, ಪಟ್ಟಂದೂರು ಅಗ್ರಹಾರ ಇವೆಲ್ಲ ಆಗಲೇ ಹಳೆಯ ಊರುಗಳು. ಪಟ್ಟಂದೂರಿನ ಕೆರೆಯನ್ನು ಕಟ್ಟಿಸಿದ್ದರ ಬಗ್ಗೆ ಕಾಡುಗೋಡಿಯಲ್ಲಿ ಸಿಕ್ಕ 11ನೇ ಶತಮಾನದ ಶಾಸನ ಹೇಳುತ್ತದೆ. ಅದು ಚೋಳರ ಕಾಲದ ತಮಿಳು ಬರಹ. ಸಿಡ್ನಿಯಲ್ಲಿ ಬ್ರಿಟಿಷರು ಇಳಿದಾಗ ಆ ನೆಲಕ್ಕೆ ಒಡೆಯರೇ ಇಲ್ಲ ಎಂಬಂತೆ ನಡೆದುಕೊಂಡರು. ಅಲ್ಲಿನ ಮೂಲನಿವಾಸಿಗಳ ಹಕ್ಕನ್ನು ಆಸ್ಟ್ರೇಲಿಯದ ಸರ್ವೋಚ್ಚ ನ್ಯಾಯಾಲಯ ಎತ್ತಿಹಿಡಿಯಲು 1992ರ ಮಾಬೊ ತೀರ್ಪಿನವರೆಗೆ ಕಾಯಬೇಕಾಯಿತು. ವೈಟ್‌ಫೀಲ್ಡಿನಲ್ಲಿ ಹಾಗಾಗಲಿಲ್ಲ. ಅಲ್ಲಿ ನೆಲ ಬಂದದ್ದು ರಾಜನ ಕೈಯಿಂದ, ಕಾನೂನಿನ ದಾರಿಯಲ್ಲಿ. ನೆಲೆಸಲು ಬಂದವರ ಸುತ್ತ ರಾಗಿ ಬೆಳೆಯುವ ರೈತರು ಮೊದಲಿನಂತೆಯೇ ಇದ್ದರು. ವಸಾಹತಿನ ಮೇಲೆ ಮೈಸೂರಿನ ಅಧಿಕಾರವೂ ಹಾಗೆಯೇ ಇತ್ತು.

ಹೊಸ ಊರಿನ ನಕ್ಷೆಯನ್ನು ಓದುಗರು ಮನಸ್ಸಿನಲ್ಲೇ ಬಿಡಿಸಿಕೊಳ್ಳಬಹುದು. ನಡುವೆ ದುಂಡಗಿನ ಒಂದು ಹಸಿರು ಬಯಲು. ಅದನ್ನು ಬಳಸಿಕೊಂಡು ಹೋಗುವ ವೃತ್ತಾಕಾರದ ರಸ್ತೆ. ರಸ್ತೆಯ ಅಂಚಿಗೆ ಬಯಲಿನ ಕಡೆ ಮುಖ ಮಾಡಿದ ಮನೆಗಳು. ಮಂಗಳೂರು ಹೆಂಚಿನ ಮಾಡು, ಮುಂದೆ ಜಗಲಿಯಂಥ ವೆರಾಂಡ, ಹಿಂದೆ ಉದ್ದಕ್ಕೆ ಚಾಚಿದ ತೋಟ. ಅದರಾಚೆಗೆ ಇನ್ನೊಂದು ದೊಡ್ಡ ವೃತ್ತ. ಇನ್ನರ್ ಸರ್ಕಲ್, ಔಟರ್ ಸರ್ಕಲ್ ಎಂಬ ಹೆಸರಿನಲ್ಲಿ ಆ ಎರಡು ಸುತ್ತುಗಳು ಇಂದಿಗೂ ಇವೆ. ನಡುವಿನ ಬಯಲು ಉದ್ಯಾನವಾಗಿದೆ. ಎಲ್ಲ ಮನೆಗಳೂ ಒಂದೇ ಬಯಲನ್ನು ನೋಡುವಂತೆ ಊರು ಕಟ್ಟಿದ್ದರ ಹಿಂದೆ, ಇಲ್ಲಿ ನೆಲೆಸುವವರೆಲ್ಲ ಒಂದೇ ಮನೆತನದವರಂತೆ ಬಾಳಬೇಕೆಂಬ ಆಸೆ ಎದ್ದು ಕಾಣುತ್ತದೆ. ಪ್ರಾಟೆಸ್ಟಂಟರಿಗೂ ಕ್ಯಾಥೊಲಿಕರಿಗೂ ಚರ್ಚುಗಳು ಬಂದವು. ಮೆಮೋರಿಯಲ್ ಚರ್ಚ್ ಇಂದಿಗೂ ಅಲ್ಲಿದೆ. ಎರಡು ಮೈಲಿ ದೂರದಲ್ಲಿ ಕಾಡುಗೋಡಿಯ ಬಳಿ ರೈಲು ನಿಲ್ದಾಣ. ಬೆಂಗಳೂರು ದಂಡಿನಿಂದ ಜೋಲಾರಪೇಟೆಗೆ 1864ರಲ್ಲೇ ಹಳಿ ಹಾಸಲಾಗಿತ್ತು. ಆ ಮಾರ್ಗವೇ ಮದ್ರಾಸಿಗೂ ದಾರಿ.

ಇಷ್ಟೆಲ್ಲ ಇದ್ದೂ ಜನ ಬರಲಿಲ್ಲ.

20ನೇ ಶತಮಾನದ ಮೊದಲ ವರ್ಷಗಳ ಲೆಕ್ಕದಂತೆ ವೈಟ್‌ಫೀಲ್ಡ್ ವಸಾಹತಿನ ವಿಸ್ತೀರ್ಣ 542 ಎಕರೆ, ಮನೆಗಳು 45, ಜನ 130. ಕಾಲು ಶತಮಾನ ಕಳೆದಿದ್ದರೂ ಒಂದು ಸಾಧಾರಣ ಹಳ್ಳಿಯಷ್ಟೂ ಜನರಿರಲಿಲ್ಲ. ನೀರಿಗೆ ಬಾವಿಗಳೇ ಗತಿ. ಹತ್ತಿರದ ದಕ್ಷಿಣ ಪಿನಾಕಿನಿ ವರ್ಷವಿಡೀ ಹರಿಯುವ ಹೊಳೆಯಲ್ಲ. ಮಳೆ ನಂಬಿದ ಕೆಮ್ಮಣ್ಣಿನಲ್ಲಿ ರಾಗಿ, ಅವರೆ, ಹುರುಳಿ ಬೆಳೆದು ಬದುಕುವ ವಿದ್ಯೆ ಸುತ್ತಲಿನ ರೈತರಿಗೆ ತಲೆತಲಾಂತರದಿಂದ ಬಂದದ್ದು. ತಂತಿ ಕಚೇರಿಯಿಂದ ನಿವೃತ್ತರಾಗಿ ಬಂದವರಿಗೆ ಅದು ಒಂದೆರಡು ವರ್ಷದಲ್ಲಿ ಒಲಿಯುವಂಥದ್ದಲ್ಲ. ಸಾಮಾನು ಸರಂಜಾಮಿಗೆ ಬೆಂಗಳೂರಿಗೇ ಹೋಗಬೇಕಿತ್ತು. ಮುಂದಾಳು ವೈಟ್ 1889ರಲ್ಲಿ ತೀರಿಕೊಂಡರು.

ಅದೇ ಹೊತ್ತಿಗೆ ಸುತ್ತಲಿನ ಲೋಕ ಬೇರೆ ಕಡೆಗೆ ಸೆಳೆಯುತ್ತಿತ್ತು. ಇದೇ ರೈಲು ಮಾರ್ಗದಲ್ಲಿ ಬಂಗಾರಪೇಟೆಗೆ ಹೋಗಿ ಕವಲು ಮಾರ್ಗ ಹಿಡಿದರೆ ಕೋಲಾರದ ಚಿನ್ನದ ಗಣಿ. 1880ರ ದಶಕದಲ್ಲಿ ಜಾನ್ ಟೇಲರ್ ಕಂಪನಿ ಅಲ್ಲಿ ಆಳದ ಗಣಿಗಾರಿಕೆ ಆರಂಭಿಸಿದ ಮೇಲೆ ಆಂಗ್ಲೊ ಇಂಡಿಯನ್ನರಿಗೆ ಮೇಲ್ವಿಚಾರಣೆಯ, ಯಂತ್ರಗಳ, ಆಸ್ಪತ್ರೆಯ ಕೆಲಸ ದೊರೆಯತೊಡಗಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಗಣಿಗೆ ಬಂತು. 1905ರಲ್ಲಿ ಬೆಂಗಳೂರಿಗೂ ಬಂತು. ದಂಡು ಪ್ರದೇಶದಲ್ಲಿ ಶಾಲೆಗಳು, ಬ್ಯಾಂಡು, ಕ್ಲಬ್ಬು, ಅಂಗಡಿ ಸಾಲು. ತಿಂಗಳ ಸಂಬಳವಿದ್ದವನು ಮಳೆಯ ದಾರಿ ಕಾಯುವ ಹೊಲಕ್ಕೆ ಏಕೆ ಬಂದಾನು? ಹೀಗಾಗಿ ವೈಟ್‌ಫೀಲ್ಡ್ ನಿವೃತ್ತರ ಊರಾಯಿತು. ಅಲ್ಲಿನ ವೇವರ್ಲಿ ಇನ್ ಎಂಬ ಹಳೆಯ ವಸತಿಗೃಹದ ಸುತ್ತ, ತರುಣ ವಿನ್‌ಸ್ಟನ್ ಚರ್ಚಿಲ್ ಬಂದುಹೋಗುತ್ತಿದ್ದನೆಂಬ ಕಥೆ ಊರವರ ಬಾಯಲ್ಲಿದೆ. ಚರ್ಚಿಲ್ 1896ರಲ್ಲಿ ಕುದುರೆ ದಳದ ಅಧಿಕಾರಿಯಾಗಿ ಬೆಂಗಳೂರಿಗೆ ಬಂದಿದ್ದು ನಿಜ. ಆದರೆ ವೈಟ್‌ಫೀಲ್ಡಿನ ಇತಿಹಾಸವನ್ನು ಆ ಒಂದು ಕಥೆಗೆ ಕಟ್ಟಿಹಾಕುವುದು ಅಲ್ಲಿ ಮಣ್ಣಿನೊಡನೆ ಹೆಣಗಿದ ಸಾಮಾನ್ಯ ಸಂಸಾರಗಳಿಗೆ ಮಾಡುವ ಅನ್ಯಾಯ.

ಈಗ ಸಿಂಗಪುರದ ಕಡೆ ತಿರುಗೋಣ. 1819ರ ಜನವರಿ ಕೊನೆಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ಸ್ಟ್ಯಾಮ್‌ಫರ್ಡ್ ರಾಫೆಲ್ಸ್ ಅಲ್ಲಿ ಇಳಿದಾಗ ದ್ವೀಪದಲ್ಲಿ ಇದ್ದವರು ಸುಮಾರು ಸಾವಿರ ಜನ. ಜೊತೆಗೆ ಬಂದವನು ವಿಲಿಯಂ ಫಾರ್ಕ್ವಾರ್. ಇಂದು ಹಲಸೂರು ಕೆರೆಯ ಪಕ್ಕ ನೆಲೆ ಇರುವ ಮದ್ರಾಸ್ ಎಂಜಿನಿಯರ್ ಪಡೆಯ ಪೂರ್ವಿಕ ದಳದ ಅಧಿಕಾರಿ. ಫೆಬ್ರವರಿ 6ರಂದು ಸುಲ್ತಾನ್ ಹುಸೇನ್ ಶಾ ಮತ್ತು ತೆಮೆಂಗ್ಗೊಂಗ್ ಎಂಬ ಪದವಿಯ ಸ್ಥಳೀಯ ಮುಖ್ಯಸ್ಥ ಅಬ್ದುಲ್ ರಹಮಾನ್ ಜೊತೆ ಒಪ್ಪಂದವಾಯಿತು. ಸುಲ್ತಾನನಿಗೆ ವರ್ಷಕ್ಕೆ 5,000, ತೆಮೆಂಗ್ಗೊಂಗನಿಗೆ 3,000 ಸ್ಪ್ಯಾನಿಷ್ ಡಾಲರ್. ಅದಕ್ಕೆ ಬದಲಾಗಿ ಕಂಪನಿಗೆ ಕೋಠಿ ಹಾಕಲು ಜಾಗ. ಆ ಒಪ್ಪಂದದಲ್ಲಿ ಯಾವ ಸಮುದಾಯಕ್ಕೂ ನಾಡು ಕಟ್ಟಿಕೊಡುವ ಮಾತು ಇರಲಿಲ್ಲ. ಕಂಪನಿಗೆ ಬೇಕಿದ್ದದ್ದು ಚೀನಾಕ್ಕೆ ಹೋಗುವ ಹಡಗುಗಳು ತಂಗುವ, ಡಚ್ಚರ ಹಿಡಿತಕ್ಕೆ ಸಿಗದ ಒಂದು ಬಂದರು.

ಬಂದರಿಗೆ ಸುಂಕವಿಲ್ಲ ಎಂದು ಸಾರಿದ್ದೇ ತಡ, ಮಲಾಕಾದಿಂದ, ದಕ್ಷಿಣ ಚೀನಾದಿಂದ, ಸುಲವೇಸಿಯ ಬುಗಿಸ್ ವ್ಯಾಪಾರಿಗಳಿಂದ, ತಮಿಳುನಾಡಿನ ತೀರದಿಂದ ಜನ ಬಂದರು. 1824ರ ಜನಗಣತಿಯ ಹೊತ್ತಿಗೆ ಜನಸಂಖ್ಯೆ ಹತ್ತು ಸಾವಿರ ದಾಟಿತ್ತು. ಐದು ವರ್ಷದಲ್ಲಿ ಹತ್ತು ಪಟ್ಟು! ಅದೇ ವರ್ಷ ಡಚ್ಚರೊಡನೆ ಒಪ್ಪಂದವಾಗಿ ಸಿಂಗಪುರ ಬ್ರಿಟಿಷರ ಪಾಲೆಂದು ನಿರ್ಧಾರವಾಯಿತು. ಸುಲ್ತಾನನಿಂದಲೂ ದ್ವೀಪವನ್ನು ಪೂರ್ತಿಯಾಗಿ ಬರೆಸಿಕೊಂಡರು. 1826ರಲ್ಲಿ ಪೆನಾಂಗ್, ಮಲಾಕಾ ಜೊತೆ ಸೇರಿಸಿ ಜಲಸಂಧಿ ವಸಾಹತುಗಳೆಂದು ಕರೆದರು. 1867ರವರೆಗೂ ಅದರ ಆಡಳಿತ ಭಾರತದಿಂದಲೇ. 1825ರಿಂದ ಭಾರತದ ಕೈದಿಗಳನ್ನು ಹಡಗಿನಲ್ಲಿ ಸಾಗಿಸಿ ಅಲ್ಲಿ ದುಡಿಸಲಾಯಿತು. ರಸ್ತೆ ಹಾಕಿದವರು, ಜೌಗು ತುಂಬಿದವರು, ಸೇಂಟ್ ಆಂಡ್ರೂಸ್ ಕೆಥೆಡ್ರಲ್ಲಿನ ಗೋಡೆ ಎತ್ತಿದವರು ಅವರು. ಬೊಕ್ಕಸದ ದೊಡ್ಡ ಪಾಲು ಅಫೀಮಿನ ಗುತ್ತಿಗೆಯಿಂದ ಬರುತ್ತಿತ್ತು. ಚೀನಾದ ಕೂಲಿಗಳು ದಿನದ ದಣಿವು ಮರೆಯಲು ಸೇದಿದ ಹೊಗೆಯಿಂದ ಸರ್ಕಾರ ನಡೆಯಿತು. ಸಿಂಗಪುರದ ಏಳಿಗೆಯನ್ನು ಕೊಂಡಾಡುವವರು ಈ ಲೆಕ್ಕವನ್ನೂ ಮರೆಯಬಾರದು.

ಎರಡು ವಸಾಹತುಗಳನ್ನು ಪಕ್ಕಪಕ್ಕದಲ್ಲಿಟ್ಟರೆ ವ್ಯತ್ಯಾಸ ಬೇಗ ಕಾಣುತ್ತದೆ. ವೈಟ್‌ಫೀಲ್ಡಿಗೆ ನೆಲ ಮೊದಲು ಸಿಕ್ಕಿತು, ಕಸುಬು ಸಿಗಲಿಲ್ಲ. ಸಿಂಗಪುರಕ್ಕೆ ಕಸುಬು ಮೊದಲು ಸಿಕ್ಕಿತು. ಜನ ತಾವಾಗಿ ಬಂದರು. ವೈಟ್‌ಫೀಲ್ಡಿನ ಬಾಗಿಲು ಒಂದು ಸಮುದಾಯಕ್ಕೆ ಮಾತ್ರ ತೆರೆದಿತ್ತು. ಆ ಸಮುದಾಯ ಇಡೀ ಉಪಖಂಡದಲ್ಲಿ ರೈಲು ನಿಲ್ದಾಣ, ಬಂದರುಗಳಲ್ಲಿ ಚದುರಿಹೋಗಿತ್ತು. ಸಿಂಗಪುರದಲ್ಲಿ ರಾಫೆಲ್ಸ್ 1822ರಲ್ಲಿ ಮಾಡಿಸಿದ ನಗರ ಯೋಜನೆ ಚೀನಿಯರಿಗೆ, ಮಲಯರಿಗೆ, ಬುಗಿಸರಿಗೆ, ಭಾರತೀಯರಿಗೆ ಬೇರೆ ಬೇರೆ ಕೇರಿಗಳನ್ನು ಗೊತ್ತುಮಾಡಿತು. ಬೇರೆ ಕೇರಿಗಳೇನೋ ಇದ್ದವು, ಬಂದರು ಮಾತ್ರ ಒಂದೇ. ಎಲ್ಲರೂ ಕೆಲಸಕ್ಕೆ ಅಲ್ಲಿಗೇ ಬರಬೇಕಿತ್ತು. ಬೇಡಿ ಪಡೆದ ನೆಲದಲ್ಲಿ ಮನೆ ಕಟ್ಟಬಹುದು, ಚರ್ಚು ಕಟ್ಟಬಹುದು. ಮಕ್ಕಳು ಅಲ್ಲೇ ಉಳಿಯಬೇಕಾದರೆ ಅಲ್ಲೇ ಅನ್ನ ಹುಟ್ಟಬೇಕು.

ವೈಟ್ ಅವರ ಕನಸು ಅವರೊಡನೆ ಮುಗಿಯಲಿಲ್ಲ. 1933ರಲ್ಲಿ ಅರ್ನೆಸ್ಟ್ ತಿಮೊಥಿ ಮೆಕ್ಲಸ್ಕಿ ಎಂಬವರು ರಾಂಚಿಯ ಹತ್ತಿರ ರಾತು ರಾಜನಿಂದ 10,000 ಎಕರೆ ಪಡೆದು ಮೆಕ್ಲಸ್ಕಿಗಂಜ್ ಕಟ್ಟಿದರು. ಈ ಸಲ ಮಾತು ಇನ್ನೂ ನೇರವಾಗಿತ್ತು: ಇದು ಆಂಗ್ಲೊ ಇಂಡಿಯನ್ನರ ಮುಲುಕು, ತಾಯ್ನಾಡು. ನೂರಾರು ಕುಟುಂಬಗಳು ಬಂದವು. ಅಲ್ಲಿಯೂ ನೀರು, ಮಾರುಕಟ್ಟೆ, ಉದ್ಯೋಗದ ಅದೇ ಕೊರತೆ. ಎರಡನೇ ಮಹಾಯುದ್ಧ, ಆಮೇಲೆ ಸ್ವಾತಂತ್ರ್ಯ. ಊರು ಖಾಲಿಯಾಗುತ್ತ ಹೋಯಿತು. ವೈಟ್‌ಫೀಲ್ಡಿನ ಪ್ರಯೋಗದಿಂದ ಐವತ್ತು ವರ್ಷಗಳ ನಂತರವೂ ಅದೇ ತಪ್ಪು ಮರುಕಳಿಸಿತು.

1947ರಲ್ಲಿ ಬಹಳಷ್ಟು ಮಂದಿ ಗಂಟುಮೂಟೆ ಕಟ್ಟಿದರು. ಆ ಆಗಸ್ಟ್ ತಿಂಗಳಲ್ಲಿ ಮನೂರಾ ಎಂಬ ಹಡಗು ಮುಂಬಯಿಯಿಂದ ನೂರಾರು ಆಂಗ್ಲೊ ಇಂಡಿಯನ್ನರನ್ನು ಹೊತ್ತು ಪಶ್ಚಿಮ ಆಸ್ಟ್ರೇಲಿಯದ ಫ್ರೀಮ್ಯಾಂಟಲ್ ಬಂದರಿಗೆ ಮುಟ್ಟಿತು. ಆಸ್ಟ್ರೇಲಿಯದ ಆರು ವಸಾಹತುಗಳು 1901ರ ಜನವರಿ 1ರಂದು ಕೂಡಿ ಒಂದು ದೇಶವಾಗಿದ್ದವು. ಆ ದೇಶದ ಮೊದಲ ಸಂಸತ್ತು ಅದೇ ವರ್ಷ ಮಾಡಿದ ಕಾನೂನುಗಳಲ್ಲಿ ಒಂದು, ಬಿಳಿಯರಲ್ಲದವರನ್ನು ಹೊರಗಿಡುವ ವಲಸೆ ಕಾಯಿದೆ. ಹಡಗಿನಿಂದ ಇಳಿದವರ ಮೈಬಣ್ಣ ಕಂಡು ಅಧಿಕಾರಿಗಳು ಗಾಬರಿಬಿದ್ದರು. ಮುಂದೆ ಬರುವವರಿಗೆ ನಿಯಮ ಬಿಗಿಯಾಯಿತು. ಒಂದು ಕಾಲದಲ್ಲಿ ಕಂಪನಿ ಸರ್ಕಾರ ಮಾಡಿದ ಅಳತೆಯನ್ನೇ ಆ ಹೊಸ ದೇಶವೂ ಅದೇ ಜನರ ಮೇಲೆ ಹಿಡಿಯಿತು. 1960ರ ದಶಕದ ನಡುವಿನಿಂದ ಆ ನೀತಿ ಸಡಿಲಗೊಂಡು 1973ರಲ್ಲಿ ತೊಲಗಿದ ಮೇಲೆ ಪರ್ತ್, ಮೆಲ್ಬರ್ನ್ ನಗರಗಳಲ್ಲಿ ಬೆಂಗಳೂರು, ಕೆಜಿಎಫ್ ಮೂಲದ ಕುಟುಂಬಗಳು ನೆಲೆಯೂರಿದವು.

ಇತ್ತ ಊರಿನಲ್ಲಿ ಉಳಿದವರೂ ಇದ್ದರು. ಭಾರತದ ಸಂವಿಧಾನ ಆಂಗ್ಲೊ ಇಂಡಿಯನ್ನರನ್ನು 366ನೇ ವಿಧಿಯಲ್ಲಿ ಗುರುತಿಸಿತು, ಲೋಕಸಭೆಗೂ ವಿಧಾನಸಭೆಗಳಿಗೂ ಅವರ ಪ್ರತಿನಿಧಿಗಳನ್ನು ನಾಮನಿರ್ದೇಶನ ಮಾಡುವ ಅವಕಾಶ ಕೊಟ್ಟಿತು. ಸ್ವಂತ ನೆಲ ಕೊಡಿಸದ ಭದ್ರತೆಯನ್ನು ಎಪ್ಪತ್ತು ವರ್ಷ ಕೊಟ್ಟದ್ದು ಈ ನಾಗರಿಕ ಹಕ್ಕು. 104ನೇ ತಿದ್ದುಪಡಿಯಿಂದಾಗಿ 2020ರ ಜನವರಿಯಿಂದ ಆ ನಾಮನಿರ್ದೇಶನ ನಿಂತಿತು.

ವೈಟ್‌ಫೀಲ್ಡಿನ ಭಾಗ್ಯ ಬದಲಾದದ್ದು ಬೆಂಗಳೂರು ತನ್ನ ಅಂಚುಗಳಿಗೆ ಹರಡಿದಾಗ. ಉತ್ತರದಲ್ಲಿ ಪೀಣ್ಯ 1970ರ ದಶಕದಿಂದ ಸಣ್ಣ ಕೈಗಾರಿಕೆಗಳ ಶೆಡ್ಡುಗಳಿಂದ ತುಂಬಿತು. ದಕ್ಷಿಣದಲ್ಲಿ 1978ರಲ್ಲಿ ರಾಜ್ಯ ಸರ್ಕಾರದ ಕಿಯೋನಿಕ್ಸ್ ಸಂಸ್ಥೆಯ ಮುಖ್ಯಸ್ಥ ಆರ್.ಕೆ. ಬಾಳಿಗ ಕೋನಪ್ಪನ ಅಗ್ರಹಾರ, ದೊಡ್ಡತೋಗೂರಿನ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಅಡಿಪಾಯ ಹಾಕಿದರು. ಪೂರ್ವದಲ್ಲಿ ವೈಟ್‌ಫೀಲ್ಡಿನ ಸರದಿ 1990ರ ದಶಕದಲ್ಲಿ ಬಂತು. ಪ್ರಧಾನಿ ಪಿ.ವಿ. ನರಸಿಂಹರಾವ್ ಮತ್ತು ಸಿಂಗಪುರದ ಪ್ರಧಾನಿ ಗೋ ಚೋಕ್ ತೋಂಗ್ ಕಾಲದಲ್ಲಿ ಎರಡು ದೇಶಗಳು ಹತ್ತಿರವಾದವು. 1994ರಲ್ಲಿ ಸಿಂಗಪುರದ ಕಂಪನಿಗಳ ಕೂಟ, ಟಾಟಾ ಮತ್ತು ಕರ್ನಾಟಕ ಸರ್ಕಾರದ ಪಾಲುಗಾರಿಕೆಯಲ್ಲಿ ಐಟಿಪಿಎಲ್ ಎಂಬ ಐಟಿ ಪಾರ್ಕ್ ಹುಟ್ಟಿತು. ಅದು ತಲೆಯೆತ್ತಿದ್ದು ಪಟ್ಟಂದೂರು ಅಗ್ರಹಾರದ ನೆಲದಲ್ಲಿ, ಚೋಳರ ಕಾಲದಲ್ಲಿ ಕೆರೆ ಕಟ್ಟಿದ್ದ ಅದೇ ಊರಿನಲ್ಲಿ. 1819ರ ವಸಾಹತು 1882ರ ವಸಾಹತಿನ ಪಕ್ಕಕ್ಕೆ ಬಂಡವಾಳದೊಡನೆ ಬಂದು ನಿಂತಿತು.

ಸಿಂಗಪುರದವರು ತಂದದ್ದು ಹಣ ಮಾತ್ರವಲ್ಲ, ಒಂದು ಕ್ರಮ. ಬೆಂಗಳೂರಿನಲ್ಲಿ ದಿನಕ್ಕೆ ಹತ್ತು ಸಲ ಕರೆಂಟು ಹೋಗುತ್ತಿದ್ದ ಕಾಲದಲ್ಲಿ ಐಟಿಪಿಎಲ್‌ಗೆ ತನ್ನದೇ ವಿದ್ಯುತ್ ಸ್ಥಾವರ ಬಂತು. ಡಿಸ್ಕವರರ್, ಇನ್ನೊವೇಟರ್, ಕ್ರಿಯೇಟರ್ ಎಂಬ ಹೆಸರಿನ ಕಟ್ಟಡಗಳೊಳಗೆ ಕಚೇರಿಗಳು ತುಂಬಿದವು. ಸುತ್ತಲೂ ರಫ್ತು ಉತ್ತೇಜನ ಕೈಗಾರಿಕಾ ಪ್ರದೇಶ ಬೆಳೆಯಿತು. ಹೊಲಗಳು ನಿವೇಶನಗಳಾದವು. ಯಾವ ಊರಿಗೆ ಒಂದು ಸಮುದಾಯದವರನ್ನು ಕೂಗಿ ಕರೆದರೂ 130 ಜನ ಮಾತ್ರ ನಿಂತರೋ, ಆ ಊರಿಗೆ ಕರೆಯದೇ ಲಕ್ಷಾಂತರ ಜನ ಬಂದರು. ಅನ್ನ ಹುಟ್ಟುವ ಕೆಲಸ ಈಗ ಅಲ್ಲಿತ್ತು.

ಆದರೂ ಕೆಲಸ ಮತ್ತು ಜನ ಎರಡಿದ್ದರೆ ನಾಡಾಯಿತೇ? ಸಿಂಗಪುರದ ಕಥೆ ಇಲ್ಲಿ ಇನ್ನೊಂದು ಮಾತು ಹೇಳುತ್ತದೆ. ನೂರು ವರ್ಷಕ್ಕೂ ಮಿಕ್ಕಿ ಅದು ಶ್ರೀಮಂತ ಬಂದರಾಗಿತ್ತು, ದೇಶವಾಗಿರಲಿಲ್ಲ. 1942ರ ಫೆಬ್ರವರಿ 15ರಂದು ಜಪಾನೀಯರಿಗೆ ಬ್ರಿಟಿಷ್ ಸೈನ್ಯ ಶರಣಾದಾಗ, ಕಾಪಾಡುತ್ತೇವೆ ಎಂದವರು ಕಾಪಾಡಲಾರರು ಎಂದು ಜನಕ್ಕೆ ಮನವರಿಕೆಯಾಯಿತು. 1948ರಲ್ಲಿ ಮೊದಲ ಚುನಾವಣೆ ನಡೆಯಿತು. ಗೆದ್ದು ಬರಬಹುದಾದ ಸ್ಥಾನಗಳು ಆರು ಮಾತ್ರ, ಮತ ಹಾಕುವ ಹಕ್ಕೂ ಬ್ರಿಟಿಷ್ ಪ್ರಜೆಗಳಿಗೆ ಮಾತ್ರ. 1955ರಲ್ಲಿ ಡೇವಿಡ್ ಮಾರ್ಷಲ್ ಮೊದಲ ಮುಖ್ಯಮಂತ್ರಿಯಾದರು. 1959ರಲ್ಲಿ ಒಳಾಡಳಿತದ ಪೂರ್ಣ ಅಧಿಕಾರ ಕೈಗೆ ಬಂದು ಲೀ ಕ್ವಾನ್ ಯೂ ಪ್ರಧಾನಿಯಾದರು. 1963ರಲ್ಲಿ ಮಲೇಷ್ಯ ಸೇರಿ, 1965ರ ಆಗಸ್ಟ್ 9ರಂದು ಹೊರಬಿದ್ದು ಸ್ವತಂತ್ರ ದೇಶವಾಯಿತು. ಜನ ಓಟು ಹಾಕಿ ತಮ್ಮ ಊರಿನ ನೀರು, ಮನೆ, ಶಾಲೆಗೆ ಹೊಣೆಗಾರರನ್ನು ಆರಿಸತೊಡಗಿದ ಮೇಲೆ ವ್ಯಾಪಾರದ ಊರು ನಾಡಾಯಿತು.

ವೈಟ್‌ಫೀಲ್ಡಿನ ಜನರಿಗೆ ಬೇರೆ ದೇಶ ಬೇಕಿಲ್ಲ. ಅವರು ಭಾರತದ ಪ್ರಜೆಗಳು, ಕನ್ನಡ ನಾಡಿನ ನಿವಾಸಿಗಳು. ಅವರಿಗೆ ಬೇಕಿರುವುದು ತಮ್ಮ ಬೀದಿಯ ಬಗ್ಗೆ ಮಾತಾಡುವ ಹಕ್ಕು. ಮಹದೇವಪುರ ನಗರಸಭೆಯೂ ಸುತ್ತಲಿನ ಹಳ್ಳಿಗಳೂ 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗೆ ಸೇರಿದವು. 2015ರಲ್ಲಿ ಆರಿಸಿದ ಪಾಲಿಕೆ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. ಅದಾದ ಮೇಲೆ ಐದು ವರ್ಷ ವಾರ್ಡಿಗೆ ಚುನಾಯಿತ ಸದಸ್ಯರೇ ಇರಲಿಲ್ಲ. 2025ರಲ್ಲಿ ಪಾಲಿಕೆಯ ಜಾಗದಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರವೂ ಐದು ನಗರ ಪಾಲಿಕೆಗಳೂ ಬಂದವು. ವೈಟ್‌ಫೀಲ್ಡ್ ಪೂರ್ವ ನಗರ ಪಾಲಿಕೆಯ ಪಾಲಾಯಿತು.

ನೀರಿನ ವಿಷಯವನ್ನೇ ತೆಗೆದುಕೊಳ್ಳಿ. ವಸಾಹತಿನವರು ಬಾವಿ ತೋಡಿದರು. ಅವರ ನಂತರ ಬಂದವರು ಕೊಳವೆಬಾವಿ ಕೊರೆದರು, ಅದು ಬತ್ತಿದಾಗ ಟ್ಯಾಂಕರ್ ಕರೆಸಿದರು. ಅಪಾರ್ಟ್‌ಮೆಂಟಿನ ಸಂಪಿಗೆ ದಿನವೂ ಟ್ಯಾಂಕರ್ ನೀರು ಬೀಳುತ್ತಿದ್ದಾಗಲೇ ಪಕ್ಕದ ವರ್ತೂರು ಕೆರೆಯಲ್ಲಿ ನೊರೆ ಉಕ್ಕಿ ರಸ್ತೆಗೆ ಹಾರುತ್ತಿತ್ತು. 2024ರ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆಯಾಗಿ, 2007ರಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳಿಗೆ ದಿನಕ್ಕೆ 77.5 ಕೋಟಿ ಲೀಟರ್ ನೀರು ಕೊಡುವ ಯೋಜನೆ ಚಾಲೂ ಆಯಿತು. ಊರು ನಗರಕ್ಕೆ ಸೇರಿ ಹದಿನೇಳು ವರ್ಷವಾಗಿತ್ತು. ತೆರಿಗೆ ಕೊಡುವವರಿಗೆ ಕೇಳುವ ಬಾಯಿ ಗಟ್ಟಿಯಾಗಿದ್ದರೆ ಇಷ್ಟು ವರ್ಷ ಬೇಕಾಗುತ್ತಿರಲಿಲ್ಲ.

ಇತಿಹಾಸವನ್ನು ಉಳಿಸಿಕೊಳ್ಳುವ ಕೆಲಸವೂ ಇದರ ಜೊತೆಗೇ ಬರುತ್ತದೆ. ಇನ್ನರ್ ಸರ್ಕಲ್ಲಿನ ಹಳೆಯ ಬಂಗಲೆಗಳಲ್ಲಿ ಹಲವು ಈಗಾಗಲೇ ನೆಲಸಮವಾಗಿ ಹೊಸ ಕಟ್ಟಡಗಳಾಗಿವೆ. ಉಳಿದಿರುವುದನ್ನು ಕಾಪಾಡಲು ಪಾರಂಪರಿಕ ಕಟ್ಟಡಗಳೆಂಬ ಮಾನ್ಯತೆ ಬೇಕು. ಚರ್ಚುಗಳ ನಾಮಕರಣ ಮತ್ತು ಮದುವೆಯ ರಿಜಿಸ್ಟರುಗಳು, ಸ್ಮಶಾನದ ಕಲ್ಲುಗಳ ಮೇಲಿನ ಹೆಸರುಗಳು, ವಿಧಾನಸೌಧದ ರಾಜ್ಯ ಪತ್ರಾಗಾರದಲ್ಲಿರುವ ಮೈಸೂರು ಸರ್ಕಾರದ ಕಡತಗಳು, ಪರ್ತ್ ಮೆಲ್ಬರ್ನುಗಳ ಮನೆಗಳಲ್ಲಿರುವ ಫೋಟೊ ಆಲ್ಬಮ್ಮುಗಳು ಎಲ್ಲವನ್ನೂ ಒಂದೆಡೆ ಸೇರಿಸಬೇಕು. ಕಾಡುಗೋಡಿಯ ಶಾಸನ, ವಸಾಹತಿನ ನಕ್ಷೆ, ಭೂಮಿ ಕಳೆದುಕೊಂಡ ರೈತರ ನೆನಪು, ಐಟಿಪಿಎಲ್ ಕಟ್ಟಿದ ಕಾರ್ಮಿಕರ ಕಥೆ ಇವು ನಾಲ್ಕೂ ಒಂದೇ ಸಂಗ್ರಹಾಲಯದಲ್ಲಿ ಇರಬೇಕು. ಈ ಭಾಗದ ಶಾಲೆಗಳಲ್ಲಿ ಓದುವ ಮಕ್ಕಳ ತಾಯಿತಂದೆಯರು ಬಂದದ್ದು ರಾಯಚೂರಿನಿಂದ, ಒಡಿಶಾದಿಂದ, ಕೇರಳದಿಂದ, ಅಸ್ಸಾಮಿನಿಂದ. ಸಮಾಜ ವಿಜ್ಞಾನದ ಒಂದು ತರಗತಿಯನ್ನು ಇನ್ನರ್ ಸರ್ಕಲ್ಲಿನ ಉದ್ಯಾನದಲ್ಲೇ ನಡೆಸಿ, ತಾವು ಬೆಳೆಯುತ್ತಿರುವ ಊರನ್ನು ಯಾರು ಏತಕ್ಕಾಗಿ ಕಟ್ಟಿದರು ಎಂದು ಅವರಿಗೆ ಹೇಳುವುದಕ್ಕೆ ಯಾವ ಅನುದಾನವೂ ಬೇಕಿಲ್ಲ. ಮುಂದಿನ ವರ್ಷದ ಶಾಲಾ ವೇಳಾಪಟ್ಟಿಯಲ್ಲೇ ಅದನ್ನು ಸೇರಿಸಬಹುದು.